ಪಿಡುಗು ಮುಗಿದದ್ದು ಯಾವ ದಿನ?

ಕೊರೊನಾ ಪಿಡುಗು ಯಾವ ದಿನ ಮೊದಲಾಯಿತೆಂದು ಕೇಳಿದರೆ ನಮ್ಮಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಉತ್ತರವಿದೆ. ಕೆಲವರು 2020ರ ಮಾರ್ಚ್ 22ರ ಜನತಾ ಕರ್ಫ್ಯೂವನ್ನು ನೆನೆಯುತ್ತಾರೆ. ಕೆಲವರು 25ರಂದು ಇಡೀ ದೇಶ ಬಾಗಿಲು ಹಾಕಿಕೊಂಡದ್ದನ್ನು. ಶಿವಮೊಗ್ಗದವರು ಇನ್ನೂ ಒಂದು ತಾರೀಕನ್ನು ಸೇರಿಸುತ್ತಾರೆ. ಒಂದೂವರೆ ತಿಂಗಳ ಕಾಲ ಹಸಿರು ವಲಯವೆಂದು ಬೀಗುತ್ತಿದ್ದ ನಮ್ಮ ಜಿಲ್ಲೆಯಲ್ಲಿ ಮೊದಲ ಸೋಂಕುಗಳು ಪತ್ತೆಯಾದದ್ದು ಆ ವರ್ಷದ ಮೇ 10ರಂದು. ಆದರೆ ಅದೇ ಪಿಡುಗು ಯಾವ ದಿನ ಮುಗಿಯಿತೆಂದು ಕೇಳಿ ನೋಡಿ. ಕೇಳಿದವರ ಮುಖವನ್ನೇ ನೋಡುತ್ತಾರೆ. ಸಾಹಿತ್ಯದ ಮೇಷ್ಟರಾಗಿ ಮೂವತ್ತು ವರ್ಷ ಕಾವ್ಯಗಳ ಆದಿ ಅಂತ್ಯಗಳನ್ನು ಪಾಠ ಹೇಳಿದ ನಾನು ಈ ಪ್ರಶ್ನೆಯ ಮುಂದೆ ಸೋತೆ. ಸೋತದ್ದು ಮಾತ್ರವಲ್ಲ, ಇದರ ದೆಸೆಯಿಂದ ಒಡಹುಟ್ಟಿದವನೊಡನೆ ಎರಡು ವರ್ಷ ಮಾತು ಬಿಟ್ಟೆ.

ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಅಣ್ಣ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. 2021ರ ಮೇ ತಿಂಗಳಲ್ಲಿ, ಎರಡನೆಯ ಅಲೆಯ ಕಡುಬೇಸಗೆಯಲ್ಲಿ, ನಮ್ಮ ಅತ್ತಿಗೆ ತೀರಿಕೊಂಡರು. ಆಸ್ಪತ್ರೆಗೆ ಸೇರಿಸಿದ ಹನ್ನೆರಡನೆಯ ದಿನ. ಸಂಸ್ಕಾರಕ್ಕೆ ಅಣ್ಣ ಮತ್ತು ಅವನ ಮಗ, ಇಬ್ಬರೇ. ಶಿವಮೊಗ್ಗದಿಂದ ಭದ್ರಾವತಿಗೆ ಇರುವ ಹನ್ನೆರಡು ಹದಿಮೂರು ಮೈಲಿಯ ದಾರಿಯನ್ನು ನಾನು ಅಂದು ಕ್ರಮಿಸಲಾಗಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ನನ್ನ ಮಗಳ ಮದುವೆ ನಿಶ್ಚಯವಾಯಿತು. ರಾತ್ರಿ ಕರ್ಫ್ಯೂ ಜನವರಿ ಕೊನೆಗೆ ತೆರವಾಗಿತ್ತು. ಲಗ್ನಪತ್ರಿಕೆ ಹಿಡಿದು ಹೋದಾಗ ಅಣ್ಣ ಒಂದು ಷರತ್ತು ಹಾಕಿದ: ಮಂಟಪಕ್ಕೆ ಬರುವವರೆಲ್ಲರೂ ಮೂಗುದ್ರವದ ಪರೀಕ್ಷೆ ಮಾಡಿಸಿಕೊಂಡು ಬರುವುದಾದರೆ ತಾನು ಬರುತ್ತೇನೆ. ನಾನು ವಾದಕ್ಕೆ ಸಿದ್ಧನಾಗಿಯೇ ಹೋಗಿದ್ದೆನೆಂದು ತೋರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಆ ಜನವರಿ 10ರಂದು ಹೊರಡಿಸಿದ್ದ ಸಲಹಾಪತ್ರದಲ್ಲಿ ರೋಗಲಕ್ಷಣವಿಲ್ಲದ ಸಾಮಾನ್ಯ ಜನರಿಗೆ ಪರೀಕ್ಷೆ ಅಗತ್ಯವಿಲ್ಲವೆಂದು ಹೇಳಿತ್ತು, ಅದನ್ನು ಉದ್ಧರಿಸಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನು ನೋಡೋಕೆ ಬಂದು ಹೋದವರಲ್ಲೂ ಯಾರಿಗೂ ಲಕ್ಷಣ ಇರಲಿಲ್ಲ ಕಣೋ" ಎಂದ. ನಾನು, "ಹಾಗಾದರೆ ಅಣ್ಣಯ್ಯ, ನಿನಗೆ ಮನೆಯ ಮದುವೆಗಿಂತ ಮೂಗಿನ ಕಡ್ಡಿಯೇ ಹೆಚ್ಚಾಯಿತೆ?" ಎಂದುಬಿಟ್ಟೆ. ಮದುವೆ ನಡೆಯಿತು. ಅವನು ಬರಲಿಲ್ಲ.

ಮನಸ್ಸಿಗೆ ಕಹಿಯಾದಾಗ ಹಳೆಯ ಕಡತಗಳ ಕಡೆಗೆ ಹೋಗುವುದು ನನ್ನಂಥವರ ಚಟ. ನಮ್ಮ ನಾಡು ಹಿಂದೆ ಇಂಥ ಪಿಡುಗುಗಳನ್ನು ಹೇಗೆ ಮುಗಿಸಿತು, ಮುಗಿಯಿತೆಂದು ಯಾರು ಹೇಳಿದರು ಎಂದು ಹುಡುಕುತ್ತ ಹೋದೆ. ಹುಡುಕಾಟ ನನ್ನನ್ನು ಮೊದಲು ಒಯ್ದದ್ದು ಪ್ಲೇಗಿನ ಕಾಲಕ್ಕೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದಿಳಿದ ರೈಲ್ವೆ ಅಧಿಕಾರಿಯೊಬ್ಬರ ಸೇವಕನಲ್ಲಿ ಮೊದಲು ಅದು ಪತ್ತೆಯಾಯಿತು. ಆಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕಗೊಂಡರು. ಬ್ರಿಟಿಷ್ ಇಂಡಿಯಾದಲ್ಲಿ ಹಿಂದಿನ ವರ್ಷವಷ್ಟೇ, ಅಂದರೆ 1897ರಲ್ಲಿ, ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತ್ತು. ಆ ಒಂದೆರಡು ಪುಟದ ಕಾಯಿದೆಯೇ 2020ರಲ್ಲಿಯೂ ನಮ್ಮ ಅಧಿಕಾರಿಗಳ ಕೈಗೆ ಮೊದಲು ಸಿಕ್ಕ ಆಯುಧವೆಂಬುದನ್ನು ಕೇಳುಗರು ಬಲ್ಲರು. ಕಾಯಿದೆಯನ್ನು ಓದಿದರೆ ಒಂದು ಕುತೂಹಲದ ಸಂಗತಿ ಕಾಣುತ್ತದೆ. ಅಪಾಯ ಬಂದಾಗ ಸರಕಾರ ಏನೇನು ಮಾಡಬಹುದೆಂದು ಅದು ಹೇಳುತ್ತದೆ; ಯಾವಾಗ ನಿಲ್ಲಿಸಬೇಕೆಂದು ಒಂದು ಮಾತೂ ಹೇಳುವುದಿಲ್ಲ.

ಅಂದಿನ ಕ್ರಮಗಳು ಏನೇನು? ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಮೈ ಮುಟ್ಟಿ ಜ್ವರ ನೋಡುವುದು, ಕಂಕುಳು ತೊಡೆಸಂದುಗಳಲ್ಲಿ ಗಡ್ಡೆಯಿದೆಯೇ ಎಂದು ಪರೀಕ್ಷಿಸುವುದು, ಮನೆಗಳನ್ನು ಶೋಧಿಸುವುದು, ರೋಗಿಯನ್ನು ಪ್ಲೇಗ್ ಆಸ್ಪತ್ರೆಗೂ ಅವನ ಜೊತೆಯಿದ್ದವರನ್ನು ಊರ ಹೊರಗಿನ ಶಿಬಿರಕ್ಕೂ ಸಾಗಿಸುವುದು. ಸೋಂಕಿನ ಊರಿನಿಂದ ಬಂದವನಿಗೆ 'ಪ್ಲೇಗ್ ಪಾಸ್‌ಪೋರ್ಟ್' ಎಂಬ ಚೀಟಿ. ಅದನ್ನು ಹಿಡಿದು ಅವನು ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕು. ನಮ್ಮ ಕಾಲದ ಎಪ್ಪತ್ತೆರಡು ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿಗೆ ಅಜ್ಜನೆನ್ನಬಹುದಾದ ಚೀಟಿ ಅದು. ಅಂದಹಾಗೆ ಈ ದಿನಗಳ ಲೆಕ್ಕವೂ ವಿಚಿತ್ರವಾದದ್ದೇ. ಕ್ವಾರಂಟೈನ್ ಎಂಬ ಮಾತು ಹುಟ್ಟಿದ್ದು ವೆನಿಸ್ ನಗರದವರು ಹಡಗುಗಳನ್ನು ತಡೆದು ನಿಲ್ಲಿಸುತ್ತಿದ್ದ ನಲವತ್ತು ದಿನದಿಂದ. ಪ್ಲೇಗಿನ ಕಾಲಕ್ಕೆ ಅದು ಹತ್ತು. ಕೊರೊನಾದ ಮೊದಲಲ್ಲಿ ಹದಿನಾಲ್ಕು, 2022ರ ಜನವರಿಯ ಹೊತ್ತಿಗೆ ಏಳು.

ಮುಟ್ಟಿ ನೋಡುವ ಪರೀಕ್ಷೆಯನ್ನು, ಅದರಲ್ಲಿಯೂ ಹೆಂಗಸರನ್ನು ಪರಪುರುಷರು ಮುಟ್ಟುವುದನ್ನು, ಜನ ಸಹಿಸಲಿಲ್ಲ. ಪುಣೆಯಲ್ಲಿ 1897ರ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ನಡೆಯಿತು. ನಮ್ಮ ಸಂಸ್ಥಾನದಲ್ಲಿ, ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಗಲಭೆಯಾಯಿತು. 1901ರ ಜನಗಣತಿಯನ್ನು ತೆರೆದರೆ ಬೆಂಗಳೂರು ನಗರ ಮತ್ತು ದಂಡು ಪ್ರದೇಶದ ಒಟ್ಟು ಜನಸಂಖ್ಯೆ ಹತ್ತು ವರ್ಷದಲ್ಲಿ 1,80,366ರಿಂದ 1,59,046ಕ್ಕೆ, ಮೈಸೂರಿನದು 74,048ರಿಂದ 68,111ಕ್ಕೆ ಇಳಿದದ್ದು ಕಾಣುತ್ತದೆ. ಸತ್ತವರೆಷ್ಟು, ಊರು ಬಿಟ್ಟು ಓಡಿದವರೆಷ್ಟು ಎಂಬುದನ್ನು ಆ ಅಂಕಿ ಬೇರ್ಪಡಿಸಿ ಹೇಳುವುದಿಲ್ಲ. ನಮ್ಮ ಊರಿಗೆ ಬೀರೂರಿನಿಂದ ರೈಲು ಬಂದದ್ದು 1899ರಲ್ಲಿ. ಹೀಗಾಗಿ ಶಿವಮೊಗ್ಗದ ಹಿರಿಯರ ನೆನಪಿನಲ್ಲಿ ರೈಲೂ ಪ್ಲೇಗೂ ಹೆಚ್ಚುಕಡಮೆ ಜೊತೆಯ ಮಕ್ಕಳಂತೆ ಬೆಳೆದವು.

ಇನ್ನು ನಾನು ಹುಡುಕುತ್ತಿದ್ದ ಪ್ರಶ್ನೆಗೆ ಬರುತ್ತೇನೆ. ಈ ತಪಾಸಣೆ, ಬಲವಂತದ ಶಿಬಿರ, ಇವೆಲ್ಲ ನಿಂತದ್ದು ಯಾವಾಗ? ಪ್ಲೇಗು ನಿಂತ ಮೇಲೆ ಎಂದು ನಾನು ಊಹಿಸಿದ್ದೆ. ಹಾಗಲ್ಲ. 1900ರ ಸುಮಾರಿಗೇ ಸರಕಾರ ಬಲಾತ್ಕಾರವನ್ನು ಸಡಿಲಿಸುತ್ತ ಬಂದಿತು. ಜನ ರೋಗಿಗಳನ್ನು ಬಚ್ಚಿಡತೊಡಗಿದ್ದರು. ಬಚ್ಚಿಟ್ಟ ರೋಗ ಹೆಚ್ಚು ಹರಡುತ್ತಿತ್ತು. ತಪಾಸಣೆ ಎಷ್ಟು ಬಿಗಿಯಾದರೂ ಪ್ಲೇಗು ಮುಂದಿನ ನಿಲ್ದಾಣದಲ್ಲಿ ಇಳಿಯುತ್ತಲೇ ಇತ್ತು. ಆದರೆ ಇಂಡಿಯಾ ದೇಶದಲ್ಲಿ ಪ್ಲೇಗಿಗೆ ಅತಿ ಹೆಚ್ಚು ಜನ ಬಲಿಯಾದ ವರ್ಷ 1907. ಆ ಒಂದೇ ವರ್ಷ ಸತ್ತವರು ಹದಿಮೂರು ಲಕ್ಷ. ಅಂದರೆ ಕಟ್ಟುಪಾಡು ಸಡಿಲಿಸಿದ ಏಳು ವರ್ಷದ ಮೇಲೆ ರೋಗ ತನ್ನ ತುದಿ ಮುಟ್ಟಿತು.

ಇದನ್ನು ಓದಿದಾಗ, ಅಣ್ಣ ಹೇಳಿದ್ದೇ ಸರಿ, ಬೇಗ ಕೈಬಿಟ್ಟದ್ದೇ ತಪ್ಪೆಂದು ಒಂದು ಕ್ಷಣ ತೋರಿತು. ಮತ್ತೆ ಯೋಚಿಸಿದೆ. ರೋಗ ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ ಎಂಬುದನ್ನು ಪಾಲ್ ಲೂಯಿ ಸಿಮೊ ಎಂಬ ಫ್ರೆಂಚ್ ವೈದ್ಯ 1898ರಲ್ಲಿಯೇ ಕರಾಚಿಯಲ್ಲಿ ತೋರಿಸಿದ್ದರೂ ವಿದ್ವಾಂಸರು ಒಪ್ಪಲಿಲ್ಲ. ಒಪ್ಪಿಗೆ ಸಿಗಲು ಮುಂಬಯಿಯಲ್ಲಿ 1905ರ ಬಳಿಕ ನಡೆದ ಸಂಶೋಧನೆಗಳು ಬೇಕಾದವು. ಮನುಷ್ಯರ ಕಂಕುಳನ್ನು ಸಾಲುಗಟ್ಟಿ ನೋಡುತ್ತಿದ್ದಾಗ ಇಲಿಗಳು ಧಾನ್ಯದ ಮೂಟೆಗಳಲ್ಲಿ ಚೀಟಿಯಿಲ್ಲದೆ ಪ್ರಯಾಣ ಮಾಡುತ್ತಿದ್ದವು. ಆ ಪರೀಕ್ಷೆಯನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದ್ದರೂ 1907 ಬಂದೇ ಬರುತ್ತಿತ್ತು. ಹಾಗಾಗಿ ನಿಲ್ಲಿಸಿದ್ದನ್ನು ನಾನು ತಪ್ಪೆನ್ನಲಾರೆ. ನನಗೆ ತಪ್ಪಾಗಿ ಕಾಣುವುದು ನಿಲ್ಲಿಸಿದ ರೀತಿ. ಡಂಗುರ ಸಾರಿ ಹೇರಿದ ಕಟ್ಟಳೆಗಳು ಸದ್ದಿಲ್ಲದೆ ಸವೆದು ಹೋದವು. ಇದೇಕೆ ಬೇಕಿತ್ತು, ಈಗ ಏಕೆ ಬೇಡ ಎಂದು ಜನಕ್ಕೆ ಕಾರಣ ಹೇಳುವುದು ಅಧಿಕಾರದ ಕರ್ತವ್ಯವೆಂದು ಅಂದು ಬಹಳ ಮಂದಿಗೆ ತೋರಿರಲಿಕ್ಕಿಲ್ಲ.

ಸರಕಾರ ಹೇಳದಿದ್ದುದನ್ನು ಊರವರು ತಾವೇ ನಿರ್ಧರಿಸಿಕೊಂಡರು. ಇಲ್ಲಿ ನನ್ನ ಅಜ್ಜಿಯ ಮಾತನ್ನು ಹೇಳಬೇಕು. ಅವರು ಹುಡುಗಿಯಾಗಿದ್ದಾಗ 'ಇಲಿ ಬಿತ್ತು' ಎಂಬ ಎರಡು ಪದ ಕಿವಿಗೆ ಬಿದ್ದರೆ ಸಾಕು, ಮನೆಮಂದಿ ಪಾತ್ರೆ ಪಡಗ ಕಟ್ಟಿಕೊಂಡು ಊರ ಹೊರಗೆ ಜೋಪಡಿ ಹಾಕುತ್ತಿದ್ದರಂತೆ. ಹೋಗುವುದು ಒಂದು ಗಂಟೆಯ ಕೆಲಸ. ಹಿಂದಿರುಗುವುದು ತಿಂಗಳುಗಳ ಮಾತು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆಯಿತ್ತು. ಅಜ್ಜಿಯ ತಂದೆ ಒಬ್ಬರೇ ಹಗಲು ಹೊತ್ತು ಮನೆಗೆ ಹೋಗಿ, ಬಿಸಿಲು ಬೀಳಲೆಂದು ನಾಲ್ಕು ಹೆಂಚು ಸರಿಸಿ, ಕಣಜದ ಬಳಿ ಒಂದು ಹಿಡಿ ಅಕ್ಕಿ ಚೆಲ್ಲಿ ಬರುತ್ತಿದ್ದರು. ಮರುದಿನ ಅಕ್ಕಿ ಖಾಲಿಯಾಗಿದ್ದು ಸತ್ತ ಇಲಿ ಕಾಣದಿದ್ದರೆ ಒಳ್ಳೆಯ ಲಕ್ಷಣ. ಮನೆಯಲ್ಲಿ ಇಲಿಗಳು ಬದುಕಿವೆ, ಉಂಡಿವೆ. ಇಲಿಯನ್ನು ಕಂಡರೆ ಕೋಲು ಹುಡುಕುವ ಮನುಷ್ಯ ಇಲಿ ಆರೋಗ್ಯವಾಗಿರಲೆಂದು ಹಾರೈಸಿದ ಕಾಲವದು! ಹೀಗೆ ಹಲವು ದಿನ ನೋಡಿ, ನೆಲ ಸಾರಿಸಿ, ದೀಪ ಹಚ್ಚಿ, ಆಮೇಲೆ ಮಕ್ಕಳನ್ನು ಕರೆತರುತ್ತಿದ್ದರು. ಈ ಪರೀಕ್ಷೆಯಲ್ಲಿ ವಿಜ್ಞಾನ ಎಷ್ಟಿತ್ತೋ ವೈದ್ಯರು ಹೇಳಬೇಕು. ಅಕ್ಕಿ ಹೋಯಿತು ಎಂದರೆ ಮನೆಗೆ ವಾಪಸು, ಉಳಿಯಿತು ಎಂದರೆ ಜೋಪಡಿಯಲ್ಲೇ ವಾಸ. ಪರೀಕ್ಷೆಯ ಉತ್ತರಕ್ಕೆ ತಕ್ಕಂತೆ ಮಾಡಬೇಕಾದ ಕೆಲಸವೊಂದು ಅಲ್ಲಿ ಕಾದಿತ್ತೆಂಬುದನ್ನು ಮಾತ್ರ ನಾನು ಗಮನಿಸುತ್ತೇನೆ.

ಅಜ್ಜಿ ಇನ್ನೊಂದು ಮಾತು ಹೇಳುತ್ತಿದ್ದರು. ಕೇರಿಯವರೆಲ್ಲ ಹಿಂದಿರುಗಿದ ಮೇಲೂ ಒಂದು ಕುಟುಂಬ ಜೋಪಡಿಯಲ್ಲೇ ಉಳಿಯಿತಂತೆ. ಆ ಮನೆಯಲ್ಲಿ ಎರಡು ಮಕ್ಕಳು ಹೋಗಿದ್ದವು. ಮಳೆ ಹಿಡಿಯಿತು, ಜೋಪಡಿ ಸೋರಿತು, ಆದರೂ ಅವರು ಬರಲಿಲ್ಲ. ಯಾರೂ ಅವರನ್ನು ಅವಸರಪಡಿಸಲಿಲ್ಲ; ಸರದಿಯ ಮೇಲೆ ಊಟ ಕಳುಹಿಸುತ್ತಿದ್ದರು. ಬಾಲ್ಯದಲ್ಲಿ ಈ ಕತೆಯನ್ನು ಎಷ್ಟೋ ಸಲ ಕೇಳಿದ್ದೆ. ಲಗ್ನಪತ್ರಿಕೆ ಹಿಡಿದು ಭದ್ರಾವತಿಗೆ ಹೋದ ದಿನ ನೆನಪಾಗಲಿಲ್ಲ.

ಕನ್ನಡ ಸಾಹಿತ್ಯದಲ್ಲಿ ಶಿವಮೊಗ್ಗದ ಪ್ಲೇಗು ಅಮರವಾಗಿರುವುದು ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ. ನಾರಣಪ್ಪ ಶಿವಮೊಗ್ಗಕ್ಕೆ ಹೋಗಿ ಜ್ವರ ಹೊತ್ತು ತಂದು ತೀರಿಕೊಳ್ಳುತ್ತಾನೆ. ಅಗ್ರಹಾರದಲ್ಲಿ ಇಲಿಗಳು ಬೀಳುತ್ತವೆ, ಹದ್ದುಗಳು ಮನೆಗಳ ಮೇಲೆ ಬಂದು ಕೂರುತ್ತವೆ. ವರ್ಷ ವರ್ಷವೂ ಅದನ್ನು ಪಾಠ ಹೇಳುವಾಗ ಪ್ರಾಣೇಶಾಚಾರ್ಯರ ಧರ್ಮಸಂಕಟವನ್ನು ವಿವರಿಸುವುದರಲ್ಲೇ ನನ್ನ ಗಂಟೆ ಮುಗಿಯುತ್ತಿತ್ತು. ದೂರ್ವಾಸಪುರದಲ್ಲಿ ಪ್ಲೇಗು ಕೊನೆಗೊಂಡಿತೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಕಾದಂಬರಿ ಪ್ರಕಟವಾದದ್ದು 1965ರಲ್ಲಿ, ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ವರ್ಷವೇ. ಅದರ ಮರುವರ್ಷ, 1966ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆ ಕಾಣಿಸಿಕೊಂಡ ಪ್ಲೇಗನ್ನು ಮುಂದೆ ಬಹುಕಾಲ ದೇಶದ ಕೊನೆಯ ಪ್ಲೇಗೆಂದು ಎಣಿಸಲಾಯಿತು. ಅದು ಕೊನೆಯದೆಂದು ಅಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಯೆಂಬುದು ಹಿಂದಿರುಗಿ ನೋಡಿದಾಗ ಕಾಣುವಂಥದು. ಅದೂ 1994ರಲ್ಲಿ ಮಹಾರಾಷ್ಟ್ರದ ಬೀಡ್ ಮತ್ತು ಗುಜರಾತಿನ ಸೂರತ್‌ನಿಂದ ಸುದ್ದಿ ಬರುವವರೆಗೆ ಮಾತ್ರ.

1918ರ ಇನ್‌ಫ್ಲುಯೆಂಜದ ಬಗ್ಗೆ ಹೆಚ್ಚು ಹೇಳಲಾರೆ. ಬೆಂಕಿಪುರವೆಂಬ ಹಳ್ಳಿ ಭದ್ರಾವತಿಯಾಗಿ, ಕಬ್ಬಿಣದ ಕಾರ್ಖಾನೆಗೆ ತಳಪಾಯ ಬೀಳುತ್ತಿದ್ದ ಕಾಲ ಅದು. ಆ ಜ್ವರಕ್ಕೆ ಪರೀಕ್ಷೆಯೂ ಇರಲಿಲ್ಲ, ಚೀಟಿಯೂ ಇರಲಿಲ್ಲ. ಬಿರುಗಾಳಿಯಂತೆ ಬಂದು ಹೋಯಿತು.

ಸಿಡುಬಿನದು ಇದಕ್ಕೆ ತೀರ ಬೇರೆಯಾದ ಕತೆ. ನನ್ನ ಪೀಳಿಗೆಯವರ ತೋಳಿನ ಮೇಲೆ ಅದರ ಮುದ್ರೆ ಇಂದಿಗೂ ಇದೆ. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡದ್ದು 1975ರ ಮೇ ತಿಂಗಳಲ್ಲಿ. ರೋಗ ಹೋಯಿತೆಂದು ಅಂದೇ ಕೈತೊಳೆದುಕೊಳ್ಳಲಿಲ್ಲ. ಕಾರ್ಯಕರ್ತರು ರೋಗಿಯ ಚಿತ್ರ ಹಿಡಿದು ಮನೆಮನೆಗೆ ಹೋಗಿ, ಇಂಥವರನ್ನು ಕಂಡಿದ್ದೀರಾ ಎಂದು ಕೇಳಿದರು; ತೋರಿಸಿದವರಿಗೆ ಸಾವಿರ ರೂಪಾಯಿ ಬಹುಮಾನ. ಆ ದಿನದ ಸಾವಿರ ರೂಪಾಯಿ! ಎರಡು ವರ್ಷ ಹುಡುಕಿ ಒಂದೂ ಸಿಗದಿದ್ದ ಮೇಲೆ 1977ರ ಏಪ್ರಿಲ್‌ನಲ್ಲಿ ಭಾರತವನ್ನು ಸಿಡುಬುಮುಕ್ತವೆಂದು ಸಾರಿದರು. 1980ರ ಮೇ 8ರಂದು ಇಡೀ ಜಗತ್ತನ್ನು. ಪ್ಲೇಗಿನಲ್ಲಿ ರೋಗ ಇರುವಾಗಲೇ ತಪಾಸಣೆ ನಿಂತಿತು; ಸಿಡುಬಿನಲ್ಲಿ ರೋಗ ಹೋದ ಮೇಲೂ ತಪಾಸಣೆ ಎರಡು ವರ್ಷ ನಡೆಯಿತು. ಸಿಡುಬಿಗೆ ಮನುಷ್ಯನನ್ನು ಬಿಟ್ಟರೆ ಬೇರೆ ಆಸರೆಯಿರಲಿಲ್ಲ, ಬಂದವನ ಮೈಮೇಲೆ ಅದು ಎದ್ದು ಕಾಣುತ್ತಿತ್ತು. ಹುಡುಕಿ ಮುಗಿಸುವುದು ಅಲ್ಲಿ ಸಾಧ್ಯವಿತ್ತು.

ಮುಗಿಸಲಾಗದ ರೋಗವೊಂದನ್ನು ನಮ್ಮ ಜಿಲ್ಲೆಯೇ ಜಗತ್ತಿಗೆ ಪರಿಚಯಿಸಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಬೆನ್ನಿಗೇ ಹಳ್ಳಿಗರಿಗೆ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಓಡಿಬಂದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಅವರು ಮೊದಲು ಹೆದರಿದ್ದರು. ಅದು ಹೊಸತೇ ಆದ ವೈರಸ್ಸು, ಹರಡುವುದು ಉಣುಗಿನಿಂದ. ಊರವರು ಅದಕ್ಕೆ ಮಂಗನ ಕಾಯಿಲೆ ಎಂದರು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಅದು ಮಾಡಿದ ಅನಾಹುತ ಕೇಳುಗರಿಗೆ ನೆನಪಿರಬಹುದು. ಪ್ರತಿ ವರ್ಷ ಮಳೆ ನಿಂತು ಕಾಡು ಒಣಗಿದಂತೆ ಮಂಗನ ಸಾವಿನ ಸುದ್ದಿಗೆ ಕಿವಿ ನಿಮಿರುತ್ತದೆ. ಜ್ವರ ಬಂದವರ ರಕ್ತದ ಮಾದರಿ ಪರೀಕ್ಷೆಗೆ ಹೋಗುತ್ತದೆ. ಮುಂಗಾರು ಹಿಡಿದ ಮೇಲೆ ಎಲ್ಲರೂ ಉಸಿರು ಬಿಡುತ್ತಾರೆ. ಅರವತ್ತು ವರ್ಷ ದಾಟಿದರೂ ಈ ಪರೀಕ್ಷೆ ನಿಂತಿಲ್ಲ, ನಿಲ್ಲಿಸಬೇಕೆಂದು ಯಾರೂ ಕೇಳಿಲ್ಲ. ಅದು ಯಾರನ್ನೂ ದಾರಿಯಲ್ಲಿ ತಡೆಯುವುದಿಲ್ಲ, ಜ್ವರ ಬಂದವನಿಗೆ ಮುಂದೇನು ಮಾಡಬೇಕೆಂದು ತಿಳಿಸುತ್ತದೆ.

ಈ ದಾರಿಯಲ್ಲಿ ಬಂದು ಕೊರೊನಾದ ಕೊನೆಯನ್ನು ನೋಡಿದರೆ ಅದು ಒಂದು ದಿನದ ಸಂಗತಿಯಾಗಿ ಕಾಣುವುದೇ ಇಲ್ಲ. ಆಸ್ಪತ್ರೆಯಿಂದ ಮನೆಗೆ ಕಳುಹಿಸಬೇಕಾದರೆ ಎರಡು ಸಲ ಸೋಂಕಿಲ್ಲವೆಂಬ ವರದಿ ಬರಬೇಕೆಂಬ ನಿಯಮ ಸೌಮ್ಯ ರೋಗಿಗಳ ಮಟ್ಟಿಗೆ 2020ರ ಮೇ 8ರಂದೇ ಹೋಯಿತು. ಕೇರಳದಿಂದ ಬರುವವರು ವರದಿ ತೋರಿಸಬೇಕೆಂಬ ಕಟ್ಟಳೆಯನ್ನು ನಮ್ಮ ರಾಜ್ಯ ಸಡಿಲಿಸಿದ್ದು 2022ರ ಫೆಬ್ರವರಿಯಲ್ಲಿ. ತಲಪಾಡಿಯ ಗಡಿಯಲ್ಲಿ ಕಾಸರಗೋಡಿನ ನಮ್ಮ ಕನ್ನಡ ಬಂಧುಗಳು ಅಷ್ಟರವರೆಗೆ ಪಟ್ಟ ಪಾಡು ಸಾಮಾನ್ಯವಲ್ಲ. ದಿನವೂ ಮಂಗಳೂರಿಗೆ ಓದಲು, ದುಡಿಯಲು ಬರುವವರು ಅವರು. ವಿಪತ್ತು ನಿರ್ವಹಣಾ ಕಾಯಿದೆಯ ಮೇರೆಗೆ ಕೇಂದ್ರ ಹೊರಡಿಸಿದ್ದ ಆಜ್ಞೆಗಳು 2022ರ ಮಾರ್ಚ್ 31ಕ್ಕೆ ಕೊನೆಗೊಂಡವು. ವಿಮಾನದಲ್ಲಿ ಬಂದಿಳಿದವರಲ್ಲಿ ನೂರಕ್ಕೆ ಇಬ್ಬರನ್ನು ಪರೀಕ್ಷಿಸುವ ಪದ್ಧತಿ 2023ರ ಜುಲೈವರೆಗೂ ಇತ್ತು. ಇವೆಲ್ಲದರ ನಡುವೆ, 2023ರ ಮೇ 5ರಂದು, ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ರೋಗ ಹೋಯಿತೆಂದಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿತು. ಭದ್ರಾವತಿಯವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳು ಕಳೆದ ಮೇಲೂ ಅದು 'ಮುಚ್ಚಿತು' ಎಂಬ ಮಾತು ಅಲ್ಲಿ ಎಷ್ಟೋ ಜನರ ಬಾಯಿಂದ ಹೊರಡುವುದಿಲ್ಲ.

ಇಷ್ಟು ಓದಿದ ಮೇಲೆ ನನ್ನ ಅಭಿಪ್ರಾಯವೇನು? 2022ರ ಫೆಬ್ರವರಿಯಲ್ಲಿ ಪರೀಕ್ಷೆಯನ್ನು ಎಲ್ಲರ ಮೇಲೆ ಹೇರುವುದನ್ನು ಕೈಬಿಟ್ಟದ್ದು ಸರಿಯೆಂದೇ ನಾನು ಈಗಲೂ ನಂಬುತ್ತೇನೆ. ಒಮಿಕ್ರಾನ್ ಎಂಬ ತಳಿ ಊರೆಲ್ಲ ಹರಡಿ, ಲಸಿಕೆ ಬಹುಪಾಲು ವಯಸ್ಕರಿಗೆ ತಲುಪಿದ್ದಾಗ, ಲಕ್ಷಣವಿಲ್ಲದ ಸಾವಿರ ಜನರ ಮೂಗಿಗೆ ಕಡ್ಡಿ ಹಾಕಿ ಬಂದ ಉತ್ತರದಿಂದ ನಾವು ಮಾಡುವಂಥದು ಬಹಳ ಕಡಮೆಯಿತ್ತು. ಆದರೆ ಅಣ್ಣ ಕೇಳಿದ್ದು ಊರಿಗೆಲ್ಲ ಅನ್ವಯಿಸುವ ಕಟ್ಟಳೆಯನ್ನಲ್ಲ. ಒಂದು ಮಂಟಪದಲ್ಲಿ, ಒಂದು ದಿನ, ತಾನು ಕೂರುವ ಸಾಲಿನ ಬಗ್ಗೆ ಅವನಿಗೆ ಭರವಸೆ ಬೇಕಿತ್ತು. ಅವನ ಪ್ರಶ್ನೆಗೆ ಉತ್ತರ ಬಂದಿದ್ದರೆ ಅವನು ಮಾಡುವ ಕೆಲಸವೊಂದಿತ್ತು. ಬಂದು ಹುಡುಗಿಗೆ ಅಕ್ಷತೆ ಹಾಕುತ್ತಿದ್ದ. ಮನೆಯವರಷ್ಟೇ ಇಪ್ಪತ್ತು ಜನ ಪರೀಕ್ಷೆ ಮಾಡಿಸಿಕೊಂಡು ಅವನನ್ನು ನಮ್ಮ ನಡುವೆ ಕೂರಿಸಿಕೊಳ್ಳಬಹುದಿತ್ತು. ಮಂಡಳಿಯ ಸಲಹಾಪತ್ರ ಅದನ್ನು ನಿಷೇಧಿಸಿರಲಿಲ್ಲ. ನನಗೆ ಗೆಲ್ಲುವುದು ಬೇಕಾಗಿತ್ತು.

ನಮ್ಮ ಕೋಟೆ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2020ರದು ಪಿಡುಗಿಗೆ ತಿಂಗಳ ಮುಂಚೆ ಮುಗಿದಿತ್ತು; 2022ರದು ಮಾರ್ಚ್‌ನಲ್ಲಿ, ಕೇಂದ್ರದ ಆಜ್ಞೆಗಳು ಕೊನೆಗೊಳ್ಳುವ ಹೊತ್ತಿಗೆ ನಡೆಯಿತು. ಕಡೆಯ ದಿನ ಅಮ್ಮನನ್ನು ಮೆರವಣಿಗೆಯಲ್ಲಿ ಕಾಡಿಗೆ ಕಳುಹಿಸಿಕೊಟ್ಟು ಬರುವುದು ವಾಡಿಕೆ. ರೋಗರುಜಿನಗಳ ಒಡತಿಯನ್ನು ಹೊಡೆದೋಡಿಸದೆ, ಪೂಜಿಸಿ, ಉಡಿ ತುಂಬಿ, ಗೌರವದಿಂದ ಗಡಿ ದಾಟಿಸುವ ಈ ಕ್ರಮ ಬಲು ಹಳೆಯದು. ಮತ್ತೆ ಬರುವಳೆಂಬುದು ಕಳುಹಿಸುವವರಿಗೂ ಗೊತ್ತು.

2024ರ ಮಾರ್ಚ್‌ನಲ್ಲಿ ಜಾತ್ರೆಗೆ ನಾನು ಅಣ್ಣನಿಗೆ ಫೋನು ಮಾಡಿದೆ. ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ, ಇಬ್ಬರೂ ಪರೀಕ್ಷೆ ಮಾಡಿಸಿಕೊಂಡಿದ್ದೇವೆ, ಬಾ ಎಂದೆ. ಆ ಹೊತ್ತಿಗೆ ಪರೀಕ್ಷೆಯ ಕಡ್ಡಿಯ ಪೊಟ್ಟಣ ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಇರಲಿಲ್ಲ; ಬಸ್ ನಿಲ್ದಾಣದ ಬಳಿಯ ಅಂಗಡಿಯವನು ಯಾವುದೋ ಮೂಲೆಯಿಂದ ಹುಡುಕಿಕೊಟ್ಟು, "ಇನ್ನೂ ಯಾಕೆ ಸಾರ್?" ಎಂದು ಕೇಳಿದ್ದ. ಅಣ್ಣ ಬಂದ. ಬಾಗಿಲಲ್ಲಿ ಮುಖಗವಸು ತೆಗೆದು ಜೇಬಿನಲ್ಲಿಟ್ಟುಕೊಂಡ. ಮೇಜಿನ ಮೇಲಿಟ್ಟಿದ್ದ ಎರಡು ಕಡ್ಡಿಗಳನ್ನು ನೋಡಿ, "ಒಂದೇ ಗೆರೆ ಅಲ್ವೇನೋ" ಎಂದ. ಒಂದೇ ಗೆರೆ ಎಂದೆ. ಊಟಕ್ಕೆ ಕುಳಿತೆವು. ಮಗಳು ಬೆಂಗಳೂರಿನಿಂದ ಕಳುಹಿಸಿದ್ದ ಮದುವೆಯ ಚಿತ್ರಗಳನ್ನು ಅವನೇ ಕೇಳಿ ನೋಡಿದ. ಸಂಜೆಯ ಬಸ್ಸಿಗೆ ಭದ್ರಾವತಿಗೆ ಹೊರಟ.